‘ಇವರಿಗೆ ಸಾಕಾ?’ ಎಂದು ಪಕ್ಕದವರನ್ನು ಕೇಳಬೇಡಿ

ಅಂಗವಿಕಲ ವಯಸ್ಕರಿಗಾಗಿ ನಡೆಸುವ ವಿಹಾರ ಶಿಬಿರವೊಂದರಲ್ಲಿ 45 ವರ್ಷದವರೊಬ್ಬರು ಗಾಲಿಕುರ್ಚಿಯಲ್ಲಿ ಊಟಕ್ಕೆ ಕೂತಿದ್ದಾರೆ. ಬಡಿಸುವ ಹುಡುಗ ಅವರ ಸಹಾಯಕನ ಮುಖ ನೋಡಿ ‘ಇವರಿಗೆ ಸಾಕಾ, ಇನ್ನೂ ಹಾಕಲಾ?’ ಎನ್ನುತ್ತಾನೆ. ಹುಡುಗನ ಮನಸ್ಸು ಕೆಟ್ಟದ್ದೇನಲ್ಲ. ‘ಪಾಪ’ ಅನ್ನುವ ಭಾವ ಹಾಗೆ ಮಾಡಿಸುತ್ತದೆ. 1:12ರ (ಒಂದಡಿ ಎತ್ತರಕ್ಕೆ ಹನ್ನೆರಡಡಿ ಉದ್ದದ) ಇಳಿಜಾರಿನ ರ‍್ಯಾಂಪ್ ಕಟ್ಟಿಸಿ, ಬಾಗಿಲು ಅಗಲ ಮಾಡಿಸಿ, ಎಲ್ಲ ಮುಗಿಯಿತೆಂದುಕೊಂಡ ಶಿಬಿರಗಳು ಎಡವುವುದು ಇಲ್ಲೇ.

ಸಿಬ್ಬಂದಿಯ ತರಬೇತಿ ಸಂಬೋಧನೆಯಿಂದ ಶುರುವಾಗಲಿ. ಅರ್ಜಿಯಲ್ಲೇ ‘ನಿಮ್ಮನ್ನು ಹೇಗೆ ಕರೆಯಬೇಕು?’ ಎಂಬ ಸಾಲಿರಲಿ. ಸ್ವಯಂಸೇವಕರು ಬಹುಪಾಲು ಎಳೆಯರು, ಶಿಬಿರಾರ್ಥಿಗಳು ಅವರ ತಂದೆ-ತಾಯಿಯ ವಯಸ್ಸಿನವರು. ಆದರೂ ‘ಪುಟ್ಟ’, ‘ಚಿನ್ನ’, ‘ಬಾ, ಕೂತ್ಕೋ’ ಎಂಬ ಮಾತು ಬಾಯಿಗೆ ಬಂದುಬಿಡುತ್ತದೆ. ಇದರ ಬೇರು ‘ಇವರಿಗೆ ಐದು ವರ್ಷದ ಮಗುವಿನ ಬುದ್ಧಿ’ ಎಂಬ ನಂಬಿಕೆ. ಬುದ್ಧಿಮತ್ತೆಯ ಪರೀಕ್ಷೆಯಲ್ಲಿ ಬಂದ ಅಂಕವೊಂದನ್ನು ಮಕ್ಕಳ ಅಂಕದ ಜೊತೆ ಹೋಲಿಸಿ ಹೇಳುವ ಮಾತದು. ನಲವತ್ತು ವರ್ಷ ಬದುಕಿದವರ ದುಃಖ, ಪ್ರೀತಿ, ಸಂಕೋಚ, ಇಷ್ಟಾನಿಷ್ಟ ಯಾವುದೂ ಆ ಅಂಕದಲ್ಲಿ ಇರುವುದಿಲ್ಲ. ಈ ನಂಬಿಕೆಯಿಂದಲೇ ಶಿಶುಗೀತೆ, ಬಣ್ಣದ ಬಳಪ, ರಾತ್ರಿ ಎಂಟಕ್ಕೆ ದೀಪ ಆರಿಸುವ ವೇಳಾಪಟ್ಟಿ ಬರುತ್ತವೆ. ಎಂಟಕ್ಕೆ ಮಲಗಿಸುವುದಕ್ಕೆ ಇನ್ನೂ ಒಂದು ಕಾರಣವಿದೆ: ಒಂಬತ್ತಕ್ಕೆ ಪಾಳಿ ಬದಲಾಗುತ್ತದೆ. ಇಬ್ಬರ ಪಾಳಿಯನ್ನು ಹನ್ನೊಂದರವರೆಗೆ ಎಳೆದರೆ ಈ ತೊಡಕು ಬಿಡಿಸಿಕೊಳ್ಳುತ್ತದೆ.

ಮಾತಿನ ಬದಲು ಚಿತ್ರಫಲಕವನ್ನೋ ಟ್ಯಾಬ್ಲೆಟ್ಟನ್ನೋ ಬಳಸುವವರ ಮುಂದೆ ಕೂತಾಗ ಪ್ರಶ್ನೆ ಕೇಳಿ, ಬಾಯಿ ಮುಚ್ಚಿ, ಮನಸ್ಸಿನಲ್ಲಿ ಹತ್ತರವರೆಗೆ ಎಣಿಸಬೇಕು. ಕೆಲವರಿಗೆ ಅದಕ್ಕಿಂತಲೂ ಹೆಚ್ಚು ಹೊತ್ತು ಬೇಕು. ಮೂರನೆಯ ಸೆಕೆಂಡಿಗೇ ಸಿಬ್ಬಂದಿ ವಾಕ್ಯ ಪೂರ್ತಿ ಮಾಡುತ್ತಾರೆ. ಎದುರಿನವರು ಅರ್ಧಕ್ಕೆ ಚಾಚಿದ್ದ ಬೆರಳನ್ನು ಹಿಂದಕ್ಕೆಳೆದು ತಲೆಯಾಡಿಸುತ್ತಾರೆ. ಆ ತಲೆಯಾಟವನ್ನು ಒಪ್ಪಿಗೆಯೆಂದು ಬರೆದುಕೊಳ್ಳಬೇಡಿ. ಬದುಕಿಡೀ ಬೇರೆಯವರ ಮಾತು ಕೇಳಿಕೊಂಡೇ ಬಂದವರಿಗೆ ‘ಹೂಂ’ ಅನ್ನುವುದು ಅಭ್ಯಾಸವಾಗಿರುತ್ತದೆ. ‘ಈಜಲು ಹೋಗೋಣವಾ?’ ಎನ್ನುವ ಬದಲು ‘ಈಜೋ, ಸಂಗೀತವೋ?’ ಎಂದು ಕೇಳಿ. ಸ್ವಲ್ಪ ಹೊತ್ತಿನ ಮೇಲೆ ಅದೇ ಪ್ರಶ್ನೆಯನ್ನು ತಿರುಗಿಸಿ, ‘ಸಂಗೀತವೋ, ಈಜೋ?’ ಎಂದು ಕೇಳಿ. ಎರಡು ಸಲವೂ ಕೊನೆಯ ಪದವನ್ನೇ ಆರಿಸಿದರೆ ಉತ್ತರ ಇನ್ನೂ ಸಿಕ್ಕಿಲ್ಲ ಎಂದುಕೊಳ್ಳಿ. ಚಿತ್ರವನ್ನೋ ವಸ್ತುವನ್ನೋ ತೋರಿಸಿ ಮತ್ತೆ ಕೇಳಿ. ಟ್ಯಾಬ್ಲೆಟ್ ನೀರಿನ ಹತ್ತಿರ ಒಯ್ಯಲಾಗದು, ಬ್ಯಾಟರಿಯೂ ಕೈಕೊಡುತ್ತದೆ. ಲ್ಯಾಮಿನೇಟ್ ಮಾಡಿಸಿದ ಚಿತ್ರಗಳ ಹಾಳೆಯೊಂದು ಜೊತೆಗಿರಲೇಬೇಕು.

ಗಾಲಿಕುರ್ಚಿಯಿಂದ ಹಾಸಿಗೆಗೆ ಸರಿಸುವಾಗ ‘ಮನೆಯಲ್ಲಿ ಹೇಗೆ ಮಾಡುತ್ತೀರಿ?’ ಎಂದು ಮೊದಲು ಅವರನ್ನೇ ಕೇಳಿ. ಬ್ರೇಕ್ ಹಾಕಿ, ಕಾಲಿಡುವ ಪಟ್ಟಿಗಳನ್ನು ಪಕ್ಕಕ್ಕೆ ಸರಿಸಿ, ‘ಒಂದು, ಎರಡು, ಮೂರು’ ಎಂಬ ಎಣಿಕೆಯನ್ನು ಅವರಿಗೇ ಬಿಡಿ. ಕಂಕುಳಿಗೆ ಕೈಕೊಟ್ಟು ಎತ್ತಲೇಬಾರದು: ಪಾರ್ಶ್ವವಾಯುವಿನಿಂದ ಸ್ನಾಯು ಸಡಿಲವಾದವರ ಭುಜದ ಕೀಲು ಜಾರಿಬಿಡಬಹುದು. ಹೇಳದೆ ಹಿಂದಿನಿಂದ ಕುರ್ಚಿ ತಳ್ಳಿದರೂ ಅಪಾಯವೇ. ಮುಂದೆ ಬಾಗಿದ್ದವರು ಮುಗ್ಗರಿಸುತ್ತಾರೆ. ಸ್ನಾನ, ಶೌಚಕ್ಕೆ ಯಾರು ನೆರವಾಗಬೇಕೆಂಬುದನ್ನು ಅವರೇ ಆರಿಸಲಿ. ಆ ವಿಷಯ ಊಟದ ಮನೆಯಲ್ಲಿ ಚರ್ಚೆಗೆ ಬರಬಾರದು.

ಇನ್ನು, ‘ಬೇಡ, ಅಪಾಯ’ ಎಂಬ ಮಾತು. ಅಂಗವಿಕಲರ ಪರ ದನಿ ಎತ್ತಿದ ಅಮೆರಿಕದ ಲೇಖಕ ರಾಬರ್ಟ್ ಪರ್ಸ್ಕಿ 1972ರಲ್ಲಿ ಬರೆದದ್ದು ಇದರ ಬಗ್ಗೆಯೇ: ಅಪಾಯಕ್ಕೆ ಒಡ್ಡಿಕೊಳ್ಳುವುದರಲ್ಲೂ ಮನುಷ್ಯನ ಘನತೆಯಿದೆ. 2006ರ ವಿಶ್ವಸಂಸ್ಥೆಯ ಅಂಗವಿಕಲರ ಹಕ್ಕುಗಳ ಒಡಂಬಡಿಕೆಯ 30ನೇ ವಿಧಿ ಮನರಂಜನೆ, ಕ್ರೀಡೆಗಳಲ್ಲಿ ಸಮಾನವಾಗಿ ಪಾಲ್ಗೊಳ್ಳುವುದನ್ನು ಹಕ್ಕೆಂದು ಒಪ್ಪಿದೆ. ಹಾಗಾಗಿ ದೋಣಿವಿಹಾರ ರದ್ದು ಮಾಡುವ ಮೊದಲು ಏನೇನು ತಪ್ಪಾಗಬಹುದೆಂದು ಬರೆಯಿರಿ, ಒಂದೊಂದಕ್ಕೂ ಉಪಾಯ ಹುಡುಕಿ. ಮೈ ವಾಲುತ್ತದೆಂದು ಯಾರನ್ನೂ ದೋಣಿಯ ಆಸನಕ್ಕೆ ಬಿಗಿಯಬೇಡಿ, ದೋಣಿ ಮಗುಚಿದರೆ ಬಿಡಿಸಿಕೊಳ್ಳಲಾಗದು; ಅಕ್ಕಪಕ್ಕ ದಿಂಬಿನ ಆಸರೆ ಕೊಡಿ, ಮುಖ ಮೇಲಾಗಿಯೇ ತೇಲಿಸುವ ಜೀವರಕ್ಷಕ ಕವಚ ತೊಡಿಸಿ. ಅಪಸ್ಮಾರ (ಮೂರ್ಛೆರೋಗ) ಇರುವವರು ನೀರಿಗಿಳಿದರೆ ಒಬ್ಬರ ಕಣ್ಣು ಅವರ ಮೇಲೆಯೇ ಇರಲಿ. ನೀರಲ್ಲಿ ಸೆಳೆತ ಬಂದರೆ ಮುಖ ಮೇಲೆತ್ತಿ ಹಿಡಿದು, ದಡಕ್ಕೆ ತಂದು, ತಕ್ಷಣ ಆಂಬುಲೆನ್ಸ್ ಕರೆಸಿ. ನೆಲದ ಮೇಲಾದರೆ ಗಡಿಯಾರ ನೋಡಿ. 5 ನಿಮಿಷ ದಾಟಿದರೆ ತುರ್ತು ಸ್ಥಿತಿ. ಬೆನ್ನುಹುರಿಗೆ ಮೇಲ್ಭಾಗದಲ್ಲಿ ಪೆಟ್ಟಾದವರಿಗೆ ಪೆಟ್ಟಿನ ಕೆಳಗೆ ಬೆವರುವುದು ಕಡಿಮೆ, ಮೈ ಬೇಗ ಕಾಯುತ್ತದೆ. ನೆರಳು, ಒದ್ದೆ ಬಟ್ಟೆ, ನೀರು ಸಿಂಪಡಿಸುವ ಬಾಟಲಿ ಸಿದ್ಧವಿರಲಿ. ಮನಸ್ಥಿತಿಯ ತೀವ್ರ ಏರಿಳಿತಕ್ಕೆ ಕೊಡುವ ಲಿಥಿಯಂ ಔಷಧ ತೆಗೆದುಕೊಳ್ಳುವವರ ಮೈಯಲ್ಲಿ ನೀರು ಕಡಿಮೆಯಾದರೆ ಔಷಧದ ಪ್ರಮಾಣ ರಕ್ತದಲ್ಲಿ ಏರಿ ವಿಷವಾಗಬಹುದು.

ಶಿಬಿರ ನಡೆಸುವ ಸಮಿತಿಯಲ್ಲಿ, ಸಂಬಳ ಪಡೆಯುವ ಸಿಬ್ಬಂದಿಯಲ್ಲಿ ಅಂಗವಿಕಲರೇ ಇದ್ದರೆ ಇವುಗಳಲ್ಲಿ ಅರ್ಧ ಹೇಳಿಕೊಡುವ ಅಗತ್ಯವೇ ಬರುವುದಿಲ್ಲ.

ದಿನದ ಕೊನೆಗೆ ಸಿಬ್ಬಂದಿ ಬರೆಯುವ ಟಿಪ್ಪಣಿಯಲ್ಲಿ ‘ಹಟ ಮಾಡಿದರು’ ಎಂಬ ಮಾತು ಬೇಡ. ಅದಕ್ಕೆ ಮುಂಚೆ ಏನಾಯಿತು, ಎಷ್ಟು ಗಂಟೆಗೆ, ಪಕ್ಕದಲ್ಲಿ ಯಾರಿದ್ದರು ಎಂದು ಬರೆಯಲಿ. ಎರಡು ದಿನದ ಪುಟ ಒಟ್ಟಿಗಿಟ್ಟು ಓದಿದರೆ ಹಲ್ಲುನೋವೋ, ಮಲಬದ್ಧತೆಯೋ, ಧ್ವನಿವರ್ಧಕದ ಪಕ್ಕದಲ್ಲೇ ಹಾಕಿದ ಕುರ್ಚಿಯೋ ಕಣ್ಣಿಗೆ ಬೀಳುತ್ತದೆ.