ಮೀಸೆ ಆಯ್ತು, ಕೈ?

ಸೆಪ್ಟೆಂಬರ್ 5, 2025, ಶುಕ್ರವಾರ

ಫೆವಿಕಾಲ್ ಇನ್ನೂ ಒಣಗಿಲ್ಲ. ಈ ಮಳೆಯಲ್ಲಿ ಬಟ್ಟೆಯೇ ಒಣಗಲ್ಲ, ಅಂಟು ಎಲ್ಲಿ ಒಣಗುತ್ತೆ? ದೊಡ್ಡಪ್ಪನನ್ನು ಎತ್ತಿಕೊಂಡು ಹೋಗಿ ಬಚ್ಚಲೊಲೆ ಪಕ್ಕ ಒರಗಿಸಿದ್ದೇನೆ. ಚಿತ್ರವನ್ನು. ಗಾಬರಿಯಾಗಬೇಡಿ.

ಚಿತ್ರ ಬೇಕು ಅಂದಿದ್ದು ಅವರೇ. "ಸತ್ತ ಮೇಲೆ ಶಕ್ತಿ ಪೇಪರಿಗೆ ಕೊಡೋಕೆ ಒಂದು ಒಳ್ಳೆ ಫೋಟೋ ಇಲ್ಲ ಮಾರಾಯ್ತಿ. ಆಧಾರ್ ಕಾರ್ಡಿನಲ್ಲಿ ಕಾಫಿ ಕದ್ದು ಸಿಕ್ಕಿಬಿದ್ದವನ ಹಾಗೆ ಇದ್ದೇನೆ. ಬೇಗ ಮಾಡು, ನಮ್ಮ ಕೊಡವರ ಕೋವಿಗೆ 2029ರವರೆಗೆ ಲೈಸೆನ್ಸ್ ವಿನಾಯಿತಿ ಇದೆ, ನನಗೆ ಅಷ್ಟು ಸಿಗೋ ಹಾಗೆ ಕಾಣಲ್ಲ" ಅಂದು ನಕ್ಕಿದ್ದರು.

ಅದೇ ಆಧಾರ್ ಫೋಟೋವನ್ನು ದೊಡ್ಡದಾಗಿ ಜೆರಾಕ್ಸ್ ಮಾಡಿಸಿ ಮುಖಕ್ಕೆ ತಳ ಮಾಡಿಕೊಂಡೆ. ಮೇಲೆ ಡಿಕಾಕ್ಷನ್ನಿನ ಬಣ್ಣ, ಕೆನ್ನೆಗೆ ಹಳೆ ಗೋಣಿ ತುಂಡು. ಮೀಸೆ ಮಾತ್ರ ಹಿತ್ತಾಳೆ. ಹಾರಿಸಿ ಬಿಸಾಡಿದ ಹನ್ನೆರಡು ಬೋರ್ ತೋಟೆಗಳ ಬುಡ ಇರುತ್ತಲ್ಲ, ಅದನ್ನು ಬ್ಲೇಡಿನಲ್ಲಿ ಕೊಯ್ದು, ಸುತ್ತಿಗೆಯಲ್ಲಿ ತಟ್ಟಿ, ಸಾಲಾಗಿ ಅಂಟಿಸಿದ್ದು. ಒಂದೊಂದರ ನಡುವೆಯೂ ಪಿನ್ನು ಹೊಡೆದ ಸಣ್ಣ ಗುಳಿ. ಕೆಂಪು ಪ್ಲಾಸ್ಟಿಕ್ ಸೀಳಿದರೆ ತುಟಿ. ಚೆನ್ನಾಗಿದೆ, ನಾನೇ ಹೇಳಿಕೊಳ್ಳಬೇಕು.

ಕಲಾವಿದೆ ಶೀಲಾ ಗೌಡ ಅವರು ಸೆಗಣಿ, ಕುಂಕುಮ, ಕೂದಲು ಎಲ್ಲ ತಂದು ಕೆಲಸ ಮಾಡಿದವರು. ಆ ಕೆಲಸದ ಮುಂದೆ ನಿಂತರೆ ಬಾಯಿ ಕಟ್ಟುತ್ತೆ. ನನಗೆ ಮೊದಲು ನಗು ಬೇಕು. ನಕ್ಕ ಮೇಲೆ ಹೊಟ್ಟೆಯೊಳಗೆ ಏನೋ ಚುಚ್ಚಬೇಕು.

ಇವತ್ತು ಚುಚ್ಚಿದ್ದು ನನಗೇ.

ಸಂಜೆ ದೊಡ್ಡಮ್ಮ ಬಂದರು. ಮೊನ್ನೆ ಕೈಲ್ ಮುಹೂರ್ತಕ್ಕೆ, ಅಂದರೆ ನಮ್ಮ ಆಯುಧಪೂಜೆ ಹಬ್ಬಕ್ಕೆ, ಮಾಡಿದ ಪಂದಿಕರಿ (ಹಂದಿ ಸಾರು) ಉಳಿದಿತ್ತಂತೆ, ಡಬ್ಬಿಯಲ್ಲಿ ತಂದಿದ್ದರು. ಮೀಸೆ ನೋಡಿ ನಕ್ಕರು. ಸೆರಗಿನಲ್ಲಿ ಕಣ್ಣೊರೆಸಿಕೊಂಡು ಮತ್ತೆ ನಕ್ಕರು. ನನಗೂ ಖುಷಿ. ಆಮೇಲೆ ಕೇಳಿದರು, "ಕೈ ಯಾಕೆ ಬರೆದಿಲ್ಲ?"

"ಪೋರ್ಟ್ರೇಟ್ ಅಲ್ವಾ ದೊಡ್ಡಮ್ಮ, ಎದೆವರೆಗೆ ಸಾಕು."

"ಮುಖದಲ್ಲಿ ಏನಿದೆ? ಮುಖ ಯಾವಾಗಲೂ ಚೆನ್ನಾಗೇ ಇತ್ತು. ನಾನು ಜಾಸ್ತಿ ನೋಡಿದ್ದು ಕೈನೇ."

ಅಷ್ಟೇ. ಮುಂದಿನ ಮಾತು ಕಾಳುಮೆಣಸಿನ ರೇಟು. ಡಬ್ಬಿ ತೊಳೆದು ಕೊಡು ಅಂತ ಕಾದು ಕೂತರು. ನಾನು ತೊಳೆದು ಕೊಟ್ಟಾಗ ಎಡಗೈಯಲ್ಲಿ ಹಿಡಿದುಕೊಂಡರು. ಕಿರುಬೆರಳು ಮಡಚಲ್ಲ, ಹೊರಗೆ ಸೊಟ್ಟ ನಿಲ್ಲುತ್ತೆ. ಬಾಗಿಲಿಗೆ ಸಿಕ್ಕಿದ್ದು ಅಂತ ಚಿಕ್ಕಂದಿನಿಂದ ಕೇಳಿದ್ದೇನೆ. ಯಾವ ಬಾಗಿಲು ಅಂತ ನಮ್ಮಲ್ಲಿ ಯಾರೂ ಕೇಳಿದ್ದಿಲ್ಲ.

ರಾತ್ರಿ ಕರೆಂಟಿಲ್ಲ. ಸುಮ್ನೆ ಮಲಗಿ ಕೊಡಗಿನ ಕೊನೆಯ ರಾಜ ಚಿಕ್ಕವೀರರಾಜನ ಮಗಳು ಗೌರಮ್ಮನ ಬಗ್ಗೆ ಯೋಚಿಸುತ್ತಿದ್ದೆ. ರಾಜ್ಯ 1834ರಲ್ಲೇ ಹೋಗಿತ್ತು. 1852ರಲ್ಲಿ ಅಪ್ಪನ ಜೊತೆ ಇಂಗ್ಲೆಂಡಿಗೆ ಹೋದ ಹುಡುಗಿಗೆ ಜ್ಞಾನಸ್ನಾನ ಮಾಡಿಸಿ, ವಿಕ್ಟೋರಿಯಾ ರಾಣಿ ತನ್ನ ಹೆಸರನ್ನೇ ಇಟ್ಟಳು. ವಿಂಟರ್‌ಹಾಲ್ಟರ್ ಬರೆದ ಚಿತ್ರದಲ್ಲಿ ಮೈಮೇಲೆ ನಮ್ಮ ಒಡವೆ, ಕೈಯಲ್ಲಿ ಬೈಬಲ್. ಮಾರೊಚೆಟ್ಟಿ ಕಡೆದ ಅಮೃತಶಿಲೆಯ ಮೂರ್ತಿ ಎದೆಗೇ ನಿಲ್ಲುತ್ತೆ, ಕೈಯೇ ಇಲ್ಲ. ಅವಳಿಗೆ ಯಾವುದು ಇಷ್ಟವಾಗಿತ್ತೋ. ಕೇಳಿದ್ದರೆ ಬೈಬಲ್ ಕೆಳಗಿಟ್ಟು ತುರಿಸಿಕೊಳ್ಳಬೇಕು ಅನ್ನುತ್ತಿದ್ದಳೋ ಏನೋ, ಪಾಪ, ಸಣ್ಣ ಹುಡುಗಿ.

ದೊಡ್ಡಪ್ಪನ ಕೈಯನ್ನು ಯಾವುದರಲ್ಲಿ ಮಾಡೋದು? ಹಿತ್ತಾಳೆಯಲ್ಲಿ ಮಾಡಿದರೆ ಗತ್ತು ಬಂದುಬಿಡುತ್ತೆ, ಅದು ಬೇಡ. ದೊಡ್ಡಮ್ಮನ ಹಳೆ ಸೀರೆ ಕೇಳಿದರೆ ಕೊಡುತ್ತಾರೆ, ಯಾಕೆ ಅಂತಲೂ ಕೇಳಲ್ಲ. ಮನೆ ಬಾಗಿಲಿನ ಹಳೆ ಚಿಲಕ ಒಂದು ಅಟ್ಟದ ಮೇಲೆ ಇರಬೇಕು.

ಆದರೆ ಕೈ ಸೇರಿಸಿದರೆ ಪೇಪರಿನ ಶ್ರದ್ಧಾಂಜಲಿ ಜಾಗದಲ್ಲಿ ಹಿಡಿಸಲ್ಲ. ನಾಳೆ ಇಬ್ಬರೂ ಬರ್ತಾರಂತೆ ನೋಡೋಕೆ. ಖಾಲಿ ಕೈ ಕಂಡರೆ ದೊಡ್ಡಪ್ಪ ಕೇಳೋದು ಒಂದೇ, ಕೋವಿ ಎಲ್ಲಿ ಅಂತ. ಆಗ ದೊಡ್ಡಮ್ಮ ಪಕ್ಕದಲ್ಲೇ ನಿಂತಿದ್ದರೆ, ನಾನೇನಾದ್ರೂ ಬಾಯಿ ತಪ್ಪಿ