47ನೇ ಜಾಗ ಖಾಲಿಯಾಗಿ ಎಷ್ಟು ದಿನವಾಗಿತ್ತು?

ಜನವರಿ ತಿಂಗಳ ಒಂದು ಬೆಳಿಗ್ಗೆ. ಜನ ಬಾಡಿಗೆಗೆ ಟ್ರೇಲರ್ ನಿಲ್ಲಿಸುವ ನಮ್ಮ ಯಾರ್ಡಿನ ಆಫೀಸಿನ ಬಾಗಿಲು ತೆಗೆದು ಇನ್ನೂ ಹತ್ತು ನಿಮಿಷ ಆಗಿರಲಿಲ್ಲ. ವಯಸ್ಸಾದ ಗಂಡ ಹೆಂಡತಿ ಒಳಗೆ ಬಂದರು. "ನಮ್ಮ ಟ್ರೇಲರ್ ಬೇರೆ ಕಡೆ ನಿಲ್ಲಿಸಿದ್ದೀರಾ?" ಅಂತ ಕೇಳಿದರು. ನಾವು ಯಾರ ಗಾಡಿಯನ್ನೂ ಮುಟ್ಟುವುದಿಲ್ಲ. ಆ ಮಾತು ಕಿವಿಗೆ ಬಿದ್ದ ಕೂಡಲೇ ಹೊಟ್ಟೆಯಲ್ಲಿ ಕಲಸಿದ ಹಾಗಾಯಿತು.

ಮೂವರೂ ನಡೆದುಕೊಂಡು 47ನೇ ಜಾಗಕ್ಕೆ ಹೋದೆವು. ಚಕ್ರದ ಕೆಳಗೆ ಇಟ್ಟಿದ್ದ ಹಲಗೆ ತುಂಡುಗಳು ಅಲ್ಲೇ ಇದ್ದವು. ಮುಂದಿನ ಜಾಕ್ ಊರಿದ್ದ ಕಡೆ ಜಲ್ಲಿಯಲ್ಲಿ ಒಂದು ಸಣ್ಣ ಗುಂಡಿ. ಅದರ ಪಕ್ಕದಲ್ಲಿ ತುಂಡಾಗಿ ಬಿದ್ದ ಲಾಕ್. ಕೈಗೆತ್ತಿಕೊಂಡು ನೋಡಿದೆ. ಮುರಿದ ಕಡೆ ಕಬ್ಬಿಣ ಹೊಳೆಯುತ್ತಿರಲಿಲ್ಲ, ಆಗಲೇ ತುಕ್ಕು ಹಿಡಿದಿತ್ತು. ಅಂದರೆ ಗಾಡಿ ನಿನ್ನೆ ಮೊನ್ನೆ ಹೋಗಿದ್ದಲ್ಲ.

ನಮ್ಮ ಕ್ಯಾಮೆರಾದಲ್ಲಿ 14 ದಿನದ ರೆಕಾರ್ಡಿಂಗ್ ಮಾತ್ರ ಉಳಿಯುತ್ತಿತ್ತು. ಹಳೆಯದರ ಮೇಲೆ ಹೊಸದು ಬರೆದುಕೊಂಡು ಹೋಗುತ್ತದೆ. ನಾನು ಮೊದಲ ದಿನದಿಂದ ಓಡಿಸಿ ನೋಡಿದೆ. 14 ದಿನವೂ ಆ ಜಾಗ ಖಾಲಿ. ಅವರು ಕೊನೆಯ ಸಲ ಬಂದಿದ್ದು ಥ್ಯಾಂಕ್ಸ್‌ಗಿವಿಂಗ್ ಹಬ್ಬದ ವಾರದಲ್ಲಿ, ನವೆಂಬರ್ ಕೊನೆಗೆ. ನಡುವೆ ಯಾವತ್ತು ಹೋಯಿತು, ಯಾವ ಪಿಕಪ್ ಬಂತು, ಒಂದೂ ಗೊತ್ತಾಗಲಿಲ್ಲ. ನಾನು ಆ ಸಾಲಿನ ಪಕ್ಕದಲ್ಲೇ ದಿನಾ ಗಾಡಿ ಓಡಿಸಿಕೊಂಡು ಹೋಗಿದ್ದೆ. ಖಾಲಿ ಜಾಗ ನೋಡಿಯೂ ಇದ್ದೆ. ಯಾರೋ ಟ್ರಿಪ್‌ಗೆ ಹೋಗಿರಬೇಕು ಅಂದುಕೊಂಡಿದ್ದೆ, ಅಷ್ಟೇ.

ನಾನು ಮಂಡ್ಯ ಕಡೆಯವನು. ಟೆಕ್ಸಾಸ್‌ನಲ್ಲಿ, ಡಲ್ಲಾಸ್‌ನ ಉತ್ತರಕ್ಕೆ, ಟ್ರೇಲರ್ ಮತ್ತು ದೋಣಿ ನಿಲ್ಲಿಸುವ ಒಂದು ಯಾರ್ಡ್ ನೋಡಿಕೊಳ್ಳುತ್ತೇನೆ. ಟ್ರಾವೆಲ್ ಟ್ರೇಲರ್ ಅಂದರೆ ಚಕ್ರದ ಮೇಲಿನ ಪುಟ್ಟ ಮನೆ. ಮಂಚ, ಒಲೆ, ಬಚ್ಚಲು ಎಲ್ಲ ಇರುತ್ತದೆ. ಪಿಕಪ್ ಹಿಂದೆ ಕಟ್ಟಿಕೊಂಡು ಹೋಗುತ್ತಾರೆ. ಇಲ್ಲಿನ ಹೊಸ ಬಡಾವಣೆಗಳಲ್ಲಿ ಮನೆಮಾಲೀಕರ ಸಂಘದ ನಿಯಮ ಬಿಗಿ. ಮನೆ ಮುಂದೆ ಟ್ರೇಲರ್ ನಿಲ್ಲಿಸಲು ಬಿಡುವುದು ಕಡಿಮೆ. ಹಾಗಾಗಿ ತಿಂಗಳ ಬಾಡಿಗೆ ಕೊಟ್ಟು ನಮ್ಮಲ್ಲಿ ಬಿಡುತ್ತಾರೆ. ಕೋವಿಡ್ ಸಮಯದಲ್ಲಿ ಇದರ ಹುಚ್ಚು ಜಾಸ್ತಿಯಾಯಿತು. 2021ರಲ್ಲಿ ಅಮೆರಿಕದ ಕಾರ್ಖಾನೆಗಳಿಂದ ಇಂಥ ಗಾಡಿಗಳು, ಎಂಜಿನ್ ಇರುವ ಮನೆಗಾಡಿಗಳೂ ಸೇರಿ, 6 ಲಕ್ಷಕ್ಕೂ ಮೀರಿ ಹೊರಬಂದವು. ನಮ್ಮ ಕನ್ನಡದ ಕುಟುಂಬಗಳೂ ತೆಗೆದುಕೊಂಡಿವೆ. ಮಕ್ಕಳನ್ನು ಕರೆದುಕೊಂಡು ಯೆಲ್ಲೋಸ್ಟೋನ್ ರಾಷ್ಟ್ರೀಯ ಉದ್ಯಾನದ ತನಕ ಹೋಗಿಬಂದವರು ನನಗೆ ಗೊತ್ತು. ಅವರಿಗಾಗಿಯೇ ಇದನ್ನು ಬರೆಯುತ್ತಿದ್ದೇನೆ.

ಕಾರಿಗೆ ಇಗ್ನಿಷನ್ ಇದೆ, ಸ್ಟೇರಿಂಗ್ ಲಾಕ್ ಇದೆ. ಟ್ರೇಲರ್‌ಗೆ ಎರಡೂ ಇಲ್ಲ. ಎಂಜಿನ್ನೇ ಇಲ್ಲವಲ್ಲ. ಮುಂದೆ ಕಪ್ಲರ್ ಅಂತ ಒಂದು ಬಟ್ಟಲಿನಂಥ ಭಾಗ ಇರುತ್ತದೆ. ಅದನ್ನು ಪಿಕಪ್ ಹಿಂದಿನ ಕಬ್ಬಿಣದ ಗುಂಡಿನ ಮೇಲೆ ಕೂರಿಸಿದರೆ ಗಾಡಿ ಹೊರಟಿತು. ಆ ಗುಂಡು ಹೆಚ್ಚಾಗಿ 2 ಇಂಚು, ಇಲ್ಲವೇ 2 5/16 ಇಂಚು. ಎರಡನ್ನೂ ಇಟ್ಟುಕೊಂಡು ಬಂದವನಿಗೆ ನಮ್ಮ ಯಾರ್ಡಿನ ಹೆಚ್ಚಿನ ಗಾಡಿ ಸಿಕ್ಕಿಬಿಡುತ್ತದೆ. ಊರಲ್ಲಿ ನಮ್ಮಪ್ಪ ಟ್ರ್ಯಾಕ್ಟರ್ ಟ್ರೇಲರಿನ ಪಿನ್ನು ರಾತ್ರಿ ಹೊತ್ತು ಕಿತ್ತು ಮನೆ ಒಳಗೆ ತಂದಿಡುತ್ತಿದ್ದರು. ಅದೇ ಭದ್ರತೆ ಅಂತ ನಾವು ನಂಬಿದ್ದೆವು. ಈಗ ಯೋಚಿಸಿದರೆ, ಆ ತೂತಿಗೆ ಯಾವ ಸಲಾಕೆ ತುರುಕಿದರೂ ನಡೆಯುತ್ತಿತ್ತು.

ಬಾಡಿಗೆ ಕಟ್ಟದೆ ಬಿಟ್ಟುಹೋದವರ ಲಾಕ್ ಕತ್ತರಿಸುವುದೂ ನನ್ನ ಕೆಲಸವೇ. ನೋಟೀಸ್ ಕೊಟ್ಟು, ಕಾನೂನಿನ ಅವಧಿ ಮುಗಿದ ಮೇಲೆ ಕತ್ತರಿಸುತ್ತೇವೆ. ಹಾಗಾಗಿ ಯಾವ ಲಾಕ್ ಎಷ್ಟು ಹೊತ್ತು ತಡೆಯುತ್ತದೆ ಅಂತ ನನ್ನ ಕೈಗೇ ಗೊತ್ತು. ಅಂಗಡಿಯಲ್ಲಿ ಸಿಗುವ ಸಾಧಾರಣ ಬೀಗ, ಉದ್ದ ಕೊಂಡಿಯದ್ದು, 36 ಇಂಚಿನ ಬೋಲ್ಟ್ ಕಟರ್, ಅಂದರೆ ಕಬ್ಬಿಣ ಕತ್ತರಿಸುವ ಉದ್ದ ಹಿಡಿಯ ಕತ್ತರಿ, ಅದರ ಮುಂದೆ ಒಂದು ಉಸಿರಿಗೆ ಮುರಿಯುತ್ತದೆ. ಕಪ್ಲರ್ ಮೇಲಿನ ಚಿಲಕದ ತೂತಿಗೆ ಹಾಕುವ ತೆಳು ಪಿನ್ ಲಾಕ್ ಸುತ್ತಿಗೆಯ ಎರಡೇ ಏಟಿಗೆ ಹೋಗುತ್ತದೆ. 47ರಲ್ಲಿ ಇದ್ದದ್ದು ಅದೇ ಜಾತಿಯದು. ಕೊಂಡಿ ಒಳಗೇ ಅಡಗಿರುವ ದುಂಡನೆ ಬೀಗಕ್ಕೆ ಕಟರಿನ ಬಾಯಿ ಹಿಡಿಯುವುದಿಲ್ಲ, ಗ್ರೈಂಡರ್ ಬೇಕು. ಕಪ್ಲರನ್ನು ಪೂರ್ತಿ ಮುಚ್ಚುವ ದಪ್ಪ ಉಕ್ಕಿನ ಲಾಕ್‌ಗೂ ಗ್ರೈಂಡರ್ ಬೇಕು, ಜೊತೆಗೆ ತಾಳ್ಮೆ ಬೇಕು. ಬ್ಯಾಟರಿ ಗ್ರೈಂಡರ್ ಮುಂದೆ ಯಾವ ಲಾಕೂ ಕೊನೆ ತನಕ ನಿಲ್ಲುವುದಿಲ್ಲ, ನಿಜ. ಆದರೆ ಅದು ಕಿರುಚುತ್ತದೆ, ಕಿಡಿ ಹಾರಿಸುತ್ತದೆ, ಹೊತ್ತು ಹಿಡಿಯುತ್ತದೆ. ಕಳ್ಳನಿಗೆ ಬೇಡವಾದದ್ದು ಇವೇ ಮೂರು.

ಇನ್ನೊಂದು ವಿಷಯ ಜಾಸ್ತಿ ಜನಕ್ಕೆ ಹೊಳೆಯುವುದಿಲ್ಲ. ಕಪ್ಲರ್ ಎಷ್ಟೇ ಭದ್ರವಾಗಿ ಮುಚ್ಚಿದ್ದರೂ ಅದನ್ನು ಸುಮ್ನೆ ಹಿಚ್ ಮೇಲೆ, ಅಂದರೆ ಪಿಕಪ್ ಹಿಂದೆ ಗುಂಡು ಕೂರಿಸುವ ಭಾಗದ ಮೇಲೆ ಆನಿಸಿ, ಸರಪಳಿ ಸುತ್ತಿ, ನಿಧಾನಕ್ಕೆ ಎಳೆದುಕೊಂಡು ಹೋಗಬಹುದು. ಟ್ರೇಲರಿನದೇ ಸೇಫ್ಟಿ ಚೈನ್ ಎರಡು ಅಲ್ಲೇ ನೇತಾಡುತ್ತಿರುತ್ತವೆ. ಅದಕ್ಕೆ ಚಕ್ರವನ್ನೂ ಕಟ್ಟಬೇಕು. ಚಕ್ರದ ಲಾಕ್ ತೆಗೆದುಕೊಳ್ಳುವಾಗ ನಟ್ಟುಗಳನ್ನು ಮುಚ್ಚುವಂಥದ್ದನ್ನೇ ತೆಗೆದುಕೊಳ್ಳಿ. ಇಲ್ಲದಿದ್ದರೆ ಲಾಕ್ ಸಮೇತ ಆ ಚಕ್ರ ಬಿಚ್ಚಿ, ನಿಮ್ಮದೇ ಸ್ಟೆಪ್ನಿ ಹಾಕಿಕೊಂಡು ಹೋಗುತ್ತಾರೆ. ಎರಡು ಆಕ್ಸೆಲ್ ಗಾಡಿಯಾದರೆ ಅದೂ ಬೇಡ. ಒಂದು ಚಕ್ರ ಬಿಚ್ಚಿ, ಉಳಿದ ಮೂರರ ಮೇಲೆ ಸ್ವಲ್ಪ ದೂರ ಕುಂಟಿಸಿಕೊಂಡು ಹೋಗಬಹುದು. ಅದಕ್ಕೆ ನಾನು ಹೇಳುವುದು, ಒಂದೇ ಕಡೆಯ ಎರಡೂ ಚಕ್ರದ ಸಂದಿನಲ್ಲಿ ದಪ್ಪ ಸರಪಳಿ ಹಾಯಿಸಿ, ಚಾಸಿಗೆ ಸುತ್ತಿ ಬೀಗ ಹಾಕಿ. ಸರಪಳಿ ನೆಲಕ್ಕೆ ತಾಗಬಾರದು. ನೆಲದ ಮೇಲೆ ಬಿದ್ದಿದ್ದರೆ ಕಟರಿನ ಒಂದು ಹಿಡಿ ನೆಲಕ್ಕೂರಿ, ಇನ್ನೊಂದರ ಮೇಲೆ ಮೈಭಾರ ಹಾಕಿ ಒತ್ತುತ್ತಾರೆ. ಗಾಳಿಯಲ್ಲಿದ್ದರೆ ಆ ಬಲ ಸಿಗುವುದಿಲ್ಲ.

ನಿಲ್ಲಿಸುವ ದಿಕ್ಕೂ ಮುಖ್ಯ. ಎಲ್ಲರೂ ರಿವರ್ಸ್ ಹಾಕಿ ಹಿಂಭಾಗವನ್ನು ಬೇಲಿ ಕಡೆ ತಳ್ಳುತ್ತಾರೆ. ಮೂತಿ ದಾರಿ ಕಡೆ ಉಳಿಯುತ್ತದೆ. ಕಳ್ಳನಿಗೂ ಅದೇ ಅನುಕೂಲ. ಮನೆ ಪಕ್ಕದಲ್ಲಿ ನಿಲ್ಲಿಸುವವರು ಸಾಧ್ಯವಾದರೆ ಮೂತಿ ಗೋಡೆ ಕಡೆ ಇರುವ ಹಾಗೆ ತಿರುಗಿಸಿ, ಇಲ್ಲವೇ ಮುಂದೆ ಅಡ್ಡಲಾಗಿ ಒಂದು ಕಾರು ನಿಲ್ಲಿಸಿ. ಒಂದೂ ಡಾಲರ್ ಖರ್ಚಿಲ್ಲ.

ಈಗ ಕೀಲಿಯ ಕಥೆ. ಒಬ್ಬ ಗ್ರಾಹಕರು ಸಾಮಾನಿನ ಖಾನೆಯ ಕೀಲಿ ಕಳೆದುಕೊಂಡು ಬಂದರು. ಟ್ರೇಲರಿನ ಹೊರಮೈಯಲ್ಲಿ ಕುರ್ಚಿ, ಪೈಪು, ಉಪಕರಣ ಇಡಲು ಸಣ್ಣ ಬಾಗಿಲುಗಳಿರುತ್ತವೆ. ನನ್ನ ಗೊಂಚಲಿನಲ್ಲಿ ಬೇರೆ ಗಾಡಿಯ ಒಂದು ಕೀಲಿ ಇತ್ತು. ತಲೆಯ ಮೇಲೆ ಸಿಎಚ್ 751 ಅಂತ ಒತ್ತಿತ್ತು. ಹಾಕಿ ತಿರುಗಿಸಿದೆ, ತೆರೆದುಕೊಂಡಿತು. ಅವರ ಮುಖ ಬಿಳಿಚಿಕೊಂಡಿತು. ಅವತ್ತು ಶನಿವಾರ, ಆ ಸಾಲಿನಲ್ಲಿ ಇನ್ನೂ ಕೆಲವರು ಇದ್ದರು. ಅವರನ್ನು ಕೇಳಿಕೊಂಡು, ಅವರ ಎದುರೇ ಅದೇ ಕೀಲಿ ಹಾಕಿ ನೋಡಿದೆ. ಒಂದಾದ ಮೇಲೆ ಒಂದು ತೆರೆಯುತ್ತಾ ಹೋಯಿತು. ಈ ಗಾಡಿಗಳಲ್ಲಿ ಬಹುಪಾಲು ಇಂಡಿಯಾನಾ ರಾಜ್ಯದ ಎಲ್ಕ್‌ಹಾರ್ಟ್ ಸುತ್ತಮುತ್ತ ತಯಾರಾಗುತ್ತವೆ. ಬೀಗ ಒದಗಿಸುವವರು ಕೆಲವರೇ. ಹಾಗಾಗಿ ವರ್ಷಗಳಿಂದ ಬೇರೆ ಬೇರೆ ಕಂಪನಿಯ ಎಷ್ಟೋ ಗಾಡಿಗಳಿಗೂ ಇದೇ ಒಂದು ಕೀಲಿ. ಅಂಗಡಿಯಲ್ಲಿ ಕೆಲವು ಡಾಲರಿಗೆ ಯಾರಿಗೆ ಬೇಕಾದರೂ ಸಿಗುತ್ತದೆ. ನಿಮ್ಮ ಕೀಲಿಯ ತಲೆ ಇವತ್ತೇ ನೋಡಿ. ಆ ಅಂಕಿ ಇದ್ದರೆ ಬೀಗದ ಒಳಭಾಗ ಬದಲಿಸಿ. ಸ್ಕ್ರೂಡ್ರೈವರ್ ಇದ್ದರೆ ಒಂದೊಂದು ಬಾಗಿಲಿಗೆ ಐದು ನಿಮಿಷದ ಕೆಲಸ.

ಒಬ್ಬರು ಬುದ್ಧಿವಂತಿಕೆ ಅಂತ ಬ್ರೇಕ್‌ಅವೇ ಪಿನ್ ಕಿತ್ತು ಇಟ್ಟುಕೊಂಡು ಹೋಗಿದ್ದರು. ಓಡುವಾಗ ಟ್ರೇಲರ್ ಕಳಚಿಕೊಂಡರೆ ಬ್ರೇಕ್ ಹಿಡಿಯಲಿ ಅಂತ ಇರುವ ಪಿನ್ ಅದು. ಕಿತ್ತರೆ ಬ್ರೇಕ್ ಹಿಡಿಯುತ್ತದೆ, ಅದು ಸರಿ. ಆದರೆ ಟ್ರೇಲರಿನ ಬ್ಯಾಟರಿಯಿಂದ ಕರೆಂಟ್ ಎಳೆದುಕೊಂಡೇ ಹಿಡಿಯುತ್ತದೆ. ಬ್ಯಾಟರಿ ಖಾಲಿಯಾದ ಮೇಲೆ ಬ್ರೇಕೂ ಬಿಟ್ಟಿತು. ಅಷ್ಟು ಹೊತ್ತು ಹಿಡಿದಿಡಲು ಆ ಮ್ಯಾಗ್ನೆಟ್‌ಗಳನ್ನು ಮಾಡಿಲ್ಲ, ಬಿಸಿಯಾಗಿ ಸುಟ್ಟೇ ಹೋಗಬಹುದು. ಇದನ್ನು ದಯವಿಟ್ಟು ಮಾಡಬೇಡಿ.

ಗಾಡಿ ಹೋದ ಮೇಲೆ ಹುಡುಕಲು ಏರ್‌ಟ್ಯಾಗ್ ಸಾಕಲ್ವಾ ಅಂತ ಬಹಳ ಜನ ಕೇಳುತ್ತಾರೆ. ಸಾಮಾನು ಹುಡುಕಲು ಅಂತ 2021ರಲ್ಲಿ ಆಪಲ್ ಕಂಪನಿ ತಂದ ಈ ಪುಟ್ಟ ಬಿಲ್ಲೆಯೊಳಗೆ ಜಿಪಿಎಸ್ ಇಲ್ಲ. ಹತ್ತಿರ ಹೋಗುವ ಆಪಲ್ ಫೋನುಗಳ ಮೂಲಕ ತಾನಿರುವ ಜಾಗ ತಿಳಿಸುತ್ತದೆ. ಊರಾಚೆಯ ಹೊಲದ ಮಧ್ಯೆ ಫೋನುಗಳು ಎಲ್ಲಿ? ಇನ್ನೊಂದು, ನಿಮ್ಮ ಜೊತೆ ಯಾರದೋ ಏರ್‌ಟ್ಯಾಗ್ ಬರುತ್ತಿದೆ ಅಂತ ಕಳ್ಳನ ಫೋನಿಗೂ ಎಚ್ಚರಿಕೆ ಹೋಗುತ್ತದೆ. ಹೆಂಗಸರನ್ನು, ಮಕ್ಕಳನ್ನು ಯಾರೂ ಗುಟ್ಟಾಗಿ ಹಿಂಬಾಲಿಸಬಾರದು ಅಂತ ಮಾಡಿದ ಒಳ್ಳೆಯ ಏರ್ಪಾಡು ಅದು. ಗಾಡಿ ಕಾಯಲು ಸಿಮ್ ಇರುವ ಜಿಪಿಎಸ್ ಟ್ರ್ಯಾಕರ್ ವಾಸಿ. ತಿಂಗಳಿಗೆ ದುಡ್ಡು ಕಟ್ಟಬೇಕು, ಆದರೆ ಗಾಡಿ ಜಾಗ ಬಿಟ್ಟು ಕದಲಿದ ಕೂಡಲೇ ನಿಮ್ಮ ಫೋನಿಗೆ ಸುದ್ದಿ ಬರುತ್ತದೆ. ಮುಂದಿನ ಬ್ಯಾಟರಿ ಡಬ್ಬಿಯಲ್ಲಿ ಇಡಬೇಡಿ, ಕಳ್ಳರು ಮೊದಲು ಕೈ ಹಾಕುವುದೇ ಬ್ಯಾಟರಿಗೆ. ಒಳಗೆ ಪ್ಲಾಸ್ಟಿಕ್ ಅಥವಾ ಮರದ ಹಿಂದೆ ಇಡಿ, ಕಬ್ಬಿಣದ ಪೆಟ್ಟಿಗೆಯೊಳಗೆ ಸಿಗ್ನಲ್ ಸಾಯುತ್ತದೆ. ಜಾಗ ಗೊತ್ತಾದರೆ ನೀವೇ ಹುಡುಕಿಕೊಂಡು ಹೋಗಬೇಡಿ. ಪೊಲೀಸರಿಗೆ ಹೇಳಿ. ಇದು ಟೆಕ್ಸಾಸ್, ಯಾರ ಕೈಯಲ್ಲಿ ಬಂದೂಕು ಇದೆಯೋ ಹೇಳಲಾಗದು.

ಆ ದಂಪತಿಯ ವಿಷಯದಲ್ಲಿ ನನಗೆ ಇವತ್ತಿಗೂ ನೋವು ಕೊಡುವುದು ವಿನ್ ನಂಬರ್. ಪ್ರತಿ ಟ್ರೇಲರಿಗೂ 17 ಅಕ್ಷರ ಮತ್ತು ಅಂಕಿಗಳ ಗುರುತಿನ ಸಂಖ್ಯೆ ಇರುತ್ತದೆ. ಪೊಲೀಸರು ಕಳವಾದ ಗಾಡಿಯನ್ನು ಎನ್‌ಸಿಐಸಿಗೆ, ಅಂದರೆ ಎಫ್‌ಬಿಐ ನಡೆಸುವ ರಾಷ್ಟ್ರೀಯ ಪಟ್ಟಿಗೆ ಸೇರಿಸುತ್ತಾರೆ. ಅದಕ್ಕೆ ಈ ನಂಬರ್ ಬೇಕು. ಇವರ ಕಾಗದಪತ್ರವೆಲ್ಲ ಟ್ರೇಲರ್ ಒಳಗೇ ಇತ್ತು, ಊಟದ ಮೇಜಿನ ಪಕ್ಕದ ಡ್ರಾಯರಿನಲ್ಲಿ. ನಾವೂ ಬಾಡಿಗೆಗೆ ಕೊಡುವಾಗ ಬರೆದುಕೊಂಡಿರಲಿಲ್ಲ. ಮಾರಿದವರಿಂದ ನಂಬರ್ ತರಿಸುವಷ್ಟರಲ್ಲಿ ಇನ್ನೂ ಕೆಲವು ದಿನ ಕಳೆದವು. ಮೊದಲೇ ವಾರಗಟ್ಟಲೆ ತಡವಾಗಿತ್ತು. ನೀವು ನಂಬರಿನ ಫೋಟೋ ತೆಗೆದು ಫೋನಿನಲ್ಲಿಟ್ಟುಕೊಳ್ಳಿ. ಸ್ಟಿಕ್ಕರಿನದು ಮಾತ್ರ ಅಲ್ಲ, ಚಾಸಿಯ ಮೇಲೆ ಒತ್ತಿರುವುದರದ್ದೂ ತೆಗೆಯಿರಿ. ಸ್ಟಿಕ್ಕರ್ ಕಿತ್ತುಬಿಡುತ್ತಾರೆ. ಮಂಚದ ಕೆಳಗೆ, ಕಪಾಟಿನ ಒಳಮೈಯಲ್ಲಿ ಅದೇ ನಂಬರನ್ನು ಮಾರ್ಕರಿನಲ್ಲಿ ಬರೆದಿಡಿ. ಹಳೆಯ ಟ್ರೇಲರ್ ಕೊಳ್ಳುವವರು ದುಡ್ಡು ಕೊಡುವ ಮೊದಲು ಎನ್‌ಐಸಿಬಿ ಅನ್ನುವ ವಿಮಾ ಅಪರಾಧ ಸಂಸ್ಥೆಯ ವಿನ್‌ಚೆಕ್‌ನಲ್ಲಿ ಹಾಕಿ ನೋಡಿ, ಅದು ಉಚಿತ.

ವಿಮೆಯ ಬಗ್ಗೆ ಎರಡೇ ಮಾತು. ಪಿಕಪ್‌ನ ವಿಮೆ ಸಾಮಾನ್ಯವಾಗಿ ಎಳೆಯುವಾಗ ಬೇರೆಯವರಿಗೆ ಆಗುವ ಹಾನಿಗೆ ಮಾತ್ರ. ಟ್ರೇಲರ್ ಕಳುವಾದರೆ ದುಡ್ಡು ಬರಬೇಕಾದರೆ ಟ್ರೇಲರಿಗೇ ಬೇರೆ ಪಾಲಿಸಿ ಬೇಕು. ನಮ್ಮಂಥ ಯಾರ್ಡುಗಳು ಕರಾರಿನಲ್ಲಿ ಕಳುವಿಗೆ ನಾವು ಹೊಣೆ ಅಲ್ಲ ಅಂತ ಬರೆಸಿಕೊಂಡಿರುತ್ತವೆ. ಓದಿ ಸಹಿ ಮಾಡಿ.

ಆ ದಿನ ಆಕೆ ಗಾಡಿಯ ಬೆಲೆ ಬಗ್ಗೆ ಮಾತಾಡಲೇ ಇಲ್ಲ. ಮಲಗುವ ಕೋಣೆಯ ಬಾಗಿಲ ಚೌಕಟ್ಟಿನಲ್ಲಿ ಪ್ರತಿ ಬೇಸಿಗೆ ಮೊಮ್ಮಕ್ಕಳನ್ನು ನಿಲ್ಲಿಸಿ ಎತ್ತರ ಅಳೆದು ಪೆನ್ಸಿಲಿನಲ್ಲಿ ಗೆರೆ ಹಾಕುತ್ತಿದ್ದರಂತೆ. "ಅದರ ಫೋಟೋ ಕೂಡ ತೆಗೆದಿಲ್ಲ" ಅಂದರು. ನನಗೆ ಏನು ಹೇಳಬೇಕೋ ತೋಚಲಿಲ್ಲ. ಆ ಗಾಡಿ ಇವತ್ತಿನವರೆಗೂ ಸಿಕ್ಕಿಲ್ಲ.

ಆ ಮೇಲೆ ನಾನು ಮಾಲೀಕರ ಹತ್ತಿರ ಹಟ ಹಿಡಿದು ಕೆಲವು ಬದಲಾವಣೆ ಮಾಡಿಸಿದೆ. ಕ್ಯಾಮೆರಾ ಈಗ 60 ದಿನ ಉಳಿಸುತ್ತದೆ. ಗೇಟಿನ ಕೋಡ್ ಒಬ್ಬೊಬ್ಬರಿಗೆ ಒಂದೊಂದು. ಹೊರಗೆ ಹೋಗಲೂ ಕೋಡ್ ಒತ್ತಬೇಕು. ಮೊದಲು ಒಳಗಿನಿಂದ ಗಾಡಿ ಹತ್ತಿರ ಬಂದರೆ ಗೇಟು ತಾನಾಗಿ ತೆರೆಯುತ್ತಿತ್ತು, ಯಾರದೋ ಹಿಂದೆ ನುಗ್ಗಿ ಒಳಗೆ ಬಂದವನು ಆರಾಮಾಗಿ ಆಚೆ ಹೋಗಬಹುದಿತ್ತು. ಯಾರ್ಡ್ ಹುಡುಕುತ್ತಿರುವವರು ಈ ಎರಡು ಪ್ರಶ್ನೆ ಕೇಳಿ: ರೆಕಾರ್ಡಿಂಗ್ ಎಷ್ಟು ದಿನ ಇರುತ್ತದೆ, ಹೊರಗೆ ಹೋಗಲು ಕೋಡ್ ಬೇಕಾ? ಉತ್ತರ ತಡವರಿಸಿದರೆ ಬೇರೆ ಕಡೆ ನೋಡಿ.

ಎಲ್ಲಕ್ಕಿಂತ ಹೆಚ್ಚು ಉಪಯೋಗಕ್ಕೆ ಬಂದದ್ದು ಒಂದು ಕಾಗದ. ದಿನಾ ಬೆಳಿಗ್ಗೆ ಪಟ್ಟಿ ಹಿಡಿದು ಎಲ್ಲ ಸಾಲೂ ನಡೆಯುತ್ತೇನೆ. ಗಾಡಿ ಓಡಿಸಿಕೊಂಡಲ್ಲ, ನಡೆದುಕೊಂಡು. ಟ್ರಿಪ್‌ಗೆ ಹೊರಡುವವರು ಮೊದಲೇ ಒಂದು ಮೆಸೇಜ್ ಹಾಕಬೇಕು ಅಂತ ಕೇಳಿಕೊಂಡಿದ್ದೇನೆ. ಮೆಸೇಜ್ ಇಲ್ಲದೆ ಜಾಗ ಖಾಲಿ ಇದ್ದರೆ ಅಲ್ಲೇ ನಿಂತು ಫೋನ್ ಮಾಡುತ್ತೇನೆ. ಒಂದು ಭಾನುವಾರ ಹಿಂದಿನ ಸಾಲಿನ ಒಂದು ಗಾಡಿಯ ಸರಪಳಿಯಲ್ಲಿ ಅರ್ಧ ಕೊಯ್ದ ಗುರುತು ಕಂಡಿತು. ಬೆರಳಿಟ್ಟರೆ ಲೋಹದ ಪುಡಿ ಅಂಟಿತು, ಹೊಳೆಯುವ ಹೊಸ ಪುಡಿ. ಹಿಂದಿನ ರಾತ್ರಿಯದೇ. ಕ್ಯಾಮೆರಾದಲ್ಲಿ ಪಿಕಪ್ ಇತ್ತು, ಹೊತ್ತೂ ಇತ್ತು. ಆ ಗಾಡಿಯವರು ಒಂದು ಗಂಟೆಯೊಳಗೆ ಬಂದು ಹೊಸ ಸರಪಳಿ ಹಾಕಿದರು, ಪೊಲೀಸರಿಗೆ ವಿಡಿಯೋ ಕೊಟ್ಟೆವು.

47ನೇ ಜಾಗಕ್ಕೆ ಈಗ ಬೇರೆ ಗಾಡಿ ಬಂದಿದೆ. ಬೆಳಿಗ್ಗೆ ಅಲ್ಲಿಗೆ ಬಂದಾಗ ಬಗ್ಗಿ ಕಪ್ಲರ್ ಲಾಕನ್ನು ಒಂದು ಸಲ ಜಗ್ಗಿ ನೋಡುತ್ತೇನೆ. ಪಟ್ಟಿಯಲ್ಲಿ ಗುರುತು ಹಾಕಿ 48ಕ್ಕೆ ಹೋಗುತ್ತೇನೆ.