ರಿಕ್ ಗ್ರೈಮ್ಸ್ ಸೈಕಲ್ಲಿನ ಬಳಿಗೆ ಮರಳಿದ್ದು ಏಕೆ

ತಿಂಗಳಿಗೊಂದರಂತೆ ಬರುವ ಕಾಮಿಕ್ಸ್ ಸರಣಿಯ ಮೊದಲ ಸಂಚಿಕೆಯ ಹೊಣೆ ದೊಡ್ಡದು. ಪರಿಚಯವೇ ಇಲ್ಲದ ಓದುಗನನ್ನು ಇಪ್ಪತ್ತು ಚಿಲ್ಲರೆ ಪುಟಗಳಲ್ಲಿ ಒಂದು ಹೊಸ ಲೋಕದೊಳಗೆ ಕರೆದೊಯ್ಯಬೇಕು, ಆತ ಮುಂದಿನ ತಿಂಗಳು ಮತ್ತೆ ಹಣ ಕೊಟ್ಟು ಎರಡನೆಯ ಸಂಚಿಕೆಯನ್ನು ಕೊಳ್ಳುವಂತೆಯೂ ಮಾಡಬೇಕು. ಇದಕ್ಕೆ ಬಹುತೇಕ ಲೇಖಕರು ನೆಚ್ಚಿಕೊಳ್ಳುವ ಉಪಾಯವೆಂದರೆ ನಾಯಕನನ್ನು ಕೊನೆಯ ಪುಟದಲ್ಲಿ ಸಾವಿನ ಬಾಯಿಗೆ ತಂದು ನಿಲ್ಲಿಸಿ ಕಥೆಯನ್ನು ಅಲ್ಲಿಗೇ ಕತ್ತರಿಸುವುದು. 2003ರ ಅಕ್ಟೋಬರ್‌ನಲ್ಲಿ ಇಮೇಜ್ ಕಾಮಿಕ್ಸ್ ಪ್ರಕಟಿಸಿದ 'ದಿ ವಾಕಿಂಗ್ ಡೆಡ್' ಸರಣಿಯ ಮೊದಲ ಸಂಚಿಕೆ ಹಾಗೆ ಮಾಡಲಿಲ್ಲ. ಅದರ ನಾಯಕ ಕೊನೆಯ ಪುಟಗಳಲ್ಲಿ ಮುಂದಕ್ಕೆ ಹೋಗುವ ಬದಲು ಬಂದ ದಾರಿಯಲ್ಲಿಯೇ ಹಿಂದಕ್ಕೆ ಹೋಗುತ್ತಾನೆ. ಈ ಸಂಚಿಕೆಯನ್ನು ನಾನು ಮತ್ತೆ ಮತ್ತೆ ತೆರೆದು ನೋಡುವುದು ಆ ಹಿಂತಿರುಗುವಿಕೆಗಾಗಿಯೇ.

ಲೇಖಕ ರಾಬರ್ಟ್ ಕರ್ಕ್‌ಮನ್ ಮತ್ತು ಚಿತ್ರಕಾರ ಟೋನಿ ಮೂರ್ ಇಬ್ಬರೂ ಅಮೆರಿಕದ ಕೆಂಟಕಿ ರಾಜ್ಯದವರು, ಕಥೆ ಆರಂಭವಾಗುವುದೂ ಅಲ್ಲಿಯೇ. ಜಾರ್ಜ್ ರೊಮೆರೊ ಅವರ 1968ರ ಚಿತ್ರ 'ನೈಟ್ ಆಫ್ ದಿ ಲಿವಿಂಗ್ ಡೆಡ್' ಹಕ್ಕುಸ್ವಾಮ್ಯದ ಸೂಚನೆಯಿಲ್ಲದೆ ಬಿಡುಗಡೆಯಾದ ಕಾರಣ ಅಮೆರಿಕದಲ್ಲಿ ಯಾರು ಬೇಕಾದರೂ ಬಳಸಬಹುದಾದ ಕೃತಿಯಾಗಿತ್ತು, ಕರ್ಕ್‌ಮನ್ ಮೊದಲು ಆ ಹೆಸರನ್ನೇ ಇಟ್ಟುಕೊಂಡು ಸರಣಿಯ ಪ್ರಸ್ತಾವವನ್ನು ಒಯ್ದಿದ್ದರು. ಎಲ್ಲರಿಗೂ ಸೇರಿದ ಹೆಸರಿನಲ್ಲಿ ಬರೆದರೆ ನಿಮಗೆ ಸ್ವಂತದ್ದೆಂದು ಏನೂ ಉಳಿಯುವುದಿಲ್ಲ ಎಂಬ ಅರ್ಥದ ಸಲಹೆ ಪ್ರಕಾಶಕರ ಕಡೆಯಿಂದ ಬಂದಿತು. ಬರಿಯ ಜೋಂಬಿಗಳ, ಅಂದರೆ ಸತ್ತ ಮೇಲೂ ಎದ್ದು ನಡೆದಾಡುವ ಹೆಣಗಳ, ಕಥೆ ಮಾರಾಟವಾಗಲಾರದೆಂಬ ಅನುಮಾನವೂ ಅವರಿಗಿದ್ದುದರಿಂದ, ಇದೆಲ್ಲ ಅನ್ಯಗ್ರಹ ಜೀವಿಗಳು ಭೂಮಿಯನ್ನು ವಶಪಡಿಸಿಕೊಳ್ಳಲು ಹೂಡಿದ ಸಂಚೆಂದು ಮುಂದೆ ತಿಳಿದುಬರುತ್ತದೆ ಎಂದು ಕರ್ಕ್‌ಮನ್ ಒಂದು ಸುಳ್ಳು ಹೇಳಿ ಒಪ್ಪಿಗೆ ಪಡೆದರು. ಆ ಜೀವಿಗಳು ಕಥೆಯೊಳಗೆ ಕೊನೆಗೂ ಬರಲಿಲ್ಲ. ಇಷ್ಟು ಲಾಭದಾಯಕವಾದ ಸುಳ್ಳು ಪ್ರಕಾಶನ ಲೋಕದಲ್ಲಿ ಅಪರೂಪವೇ ಇರಬೇಕು.

ಅಮೆರಿಕದ ಕಾಮಿಕ್ಸ್‌ನಲ್ಲಿ ನಡೆದಾಡುವ ಹೆಣಗಳಿಗೆ ಬಹುಕಾಲ ಪ್ರವೇಶವೇ ಇರಲಿಲ್ಲ. ಪ್ರಕಾಶಕರು 1954ರಲ್ಲಿ ತಮಗೆ ತಾವೇ ವಿಧಿಸಿಕೊಂಡ ಕಾಮಿಕ್ಸ್ ಸಂಹಿತೆಯು ರಕ್ತಪಿಶಾಚಿ, ನರಭಕ್ಷಣೆ ಮುಂತಾದವುಗಳ ಜೊತೆಗೆ ಇವುಗಳನ್ನೂ ನಿಷೇಧಿಸಿತ್ತು. 1971ರಲ್ಲಿ ನಿಯಮ ಸಡಿಲವಾದಾಗ ರಕ್ತಪಿಶಾಚಿಗಳಿಗೆ ಸಾಹಿತ್ಯ ಪರಂಪರೆಯ ಹೆಸರಿನಲ್ಲಿ ಅನುಮತಿ ದೊರೆಯಿತು, ಅಂತಹ ಪರಂಪರೆ ಇಲ್ಲದ ಜೋಂಬಿಗಳಿಗೆ ಆಗಲೂ ದೊರೆಯಲಿಲ್ಲ. 2003ರ ಹೊತ್ತಿಗೆ ಆ ಸಂಹಿತೆಯ ಬಲ ಬಹಳಷ್ಟು ಕುಂದಿತ್ತು.

ಇನ್ನು ಸಂಚಿಕೆಗೆ ಬರೋಣ. ಮೊದಲ ಪುಟದಲ್ಲಿ ಒಂದು ಗುಂಡಿನ ಕಾಳಗ ನಡೆಯುತ್ತದೆ. ಪೊಲೀಸ್ ಅಧಿಕಾರಿ ರಿಕ್ ಗ್ರೈಮ್ಸ್‌ಗೆ ಗುಂಡು ತಗಲುತ್ತದೆ, ಪುಟ ತಿರುಗಿಸಿದರೆ ಆತ ಆಸ್ಪತ್ರೆಯ ಹಾಸಿಗೆಯ ಮೇಲೆ ಒಂಟಿಯಾಗಿ ಕಣ್ಣು ತೆರೆಯುತ್ತಿದ್ದಾನೆ. ಬೇರೊಬ್ಬ ಲೇಖಕನಾಗಿದ್ದರೆ ಈ ನಡುವಿನ ಅವಧಿಯನ್ನು, ಅಂದರೆ ರೋಗದ ಮೊದಲ ಸುದ್ದಿ, ಗಲಭೆ, ಸೈನ್ಯದ ಸೋಲು ಇವೆಲ್ಲವನ್ನೂ ಹಲವು ಸಂಚಿಕೆಗಳಿಗೆ ಹಿಗ್ಗಿಸುತ್ತಿದ್ದ. ಕರ್ಕ್‌ಮನ್ ಇಡೀ ನಾಗರಿಕತೆಯ ಕುಸಿತವನ್ನು ಒಂದು ಪುಟದ ಮಗ್ಗುಲಿನಲ್ಲಿ ಮುಗಿಸಿಬಿಟ್ಟಿದ್ದಾರೆ. ಆಸ್ಪತ್ರೆಯಲ್ಲಿ ಎಚ್ಚರಗೊಳ್ಳುವ ನಾಯಕ ಹೊಸಬನೇನಲ್ಲ. ಜಾನ್ ವಿಂಡಮ್ 1951ರಲ್ಲಿಯೇ 'ದಿ ಡೇ ಆಫ್ ದಿ ಟ್ರಿಫಿಡ್ಸ್' ಕಾದಂಬರಿಯನ್ನು ಹೀಗೆ ಆರಂಭಿಸಿದ್ದರು, 2002ರ ಬ್ರಿಟಿಷ್ ಚಿತ್ರ '28 ಡೇಸ್ ಲೇಟರ್' ಕೂಡ ಇದೇ ದಾರಿ ಹಿಡಿದಿತ್ತು. ಪ್ರಜ್ಞೆಯಿಲ್ಲದ ರೋಗಿಯೊಬ್ಬ ಆರೈಕೆ ಮಾಡುವವರಿಲ್ಲದೆ ಹೇಗೆ ಬದುಕಿ ಉಳಿದ ಎಂಬ ಪ್ರಶ್ನೆಯನ್ನು ಓದುಗನೇ ನುಂಗಿಕೊಳ್ಳಬೇಕು.

ಆಸ್ಪತ್ರೆಯ ಈ ಭಾಗದಲ್ಲಿ ಪುಸ್ತಕವೆಂಬ ವಸ್ತುವಿನ ರಚನೆಯನ್ನೇ ಭಯದ ಸಾಧನವನ್ನಾಗಿ ಮಾಡಿಕೊಂಡಿರುವ ಜಾಣ್ಮೆ ಎದ್ದು ಕಾಣುತ್ತದೆ. ಚಲನಚಿತ್ರದಲ್ಲಿ ಬಾಗಿಲು ಯಾವಾಗ ತೆರೆಯಬೇಕೆಂಬುದನ್ನು ನಿರ್ದೇಶಕ ನಿರ್ಧರಿಸುತ್ತಾನೆ, ಕಾಮಿಕ್ಸ್‌ನಲ್ಲಿ ಅದನ್ನು ತೆರೆಯುವುದು ಓದುಗನ ಬೆರಳು. ಎದುರುಬದುರಾಗಿ ತೆರೆದುಕೊಂಡ ಎರಡು ಪುಟಗಳಲ್ಲಿ ಏನಿದೆಯೆಂಬುದು ಒಂದೇ ನೋಟಕ್ಕೆ ಅರಿವಾಗಿಬಿಡುವುದರಿಂದ, ಅಚ್ಚರಿಯನ್ನು ಬಚ್ಚಿಡಲು ಚಿತ್ರಕಾರನಿಗೆ ಉಳಿಯುವ ಜಾಗವೆಂದರೆ ಹಾಳೆಯ ಹಿಂಬದಿ ಮಾತ್ರ. ಖಾಲಿ ಕಾರಿಡಾರುಗಳಲ್ಲಿ ಕೂಗುತ್ತ ಅಲೆಯುವ ರಿಕ್ ಕ್ಯಾಂಟೀನಿನ ಬಾಗಿಲಿಗೆ ಬರುತ್ತಾನೆ. ಅದನ್ನು ಹೊರಗಿನಿಂದ ಭದ್ರಪಡಿಸಲಾಗಿದೆ ಎಂಬುದು ನಮಗೆ ಕಾಣುತ್ತಿರುತ್ತದೆ, ಆತನಿಗೆ ಮಾತ್ರ ಅದರ ಅರ್ಥ ಹೊಳೆಯುವುದಿಲ್ಲ. ಬಾಗಿಲಾಚೆಗಿನ ಹೆಣಗಳ ಗುಂಪನ್ನು ಮೂರ್ ಒಂದು ದೊಡ್ಡ ಚಿತ್ರವಾಗಿ ಬಿಡಿಸಿದ್ದಾರೆ. ಅಲ್ಲಿಯವರೆಗಿನ ಸಣ್ಣ ಸಣ್ಣ ಚೌಕಟ್ಟುಗಳ ನಿಶ್ಶಬ್ದಕ್ಕೆ ಒಗ್ಗಿಹೋದ ಕಣ್ಣಿಗೆ ಆ ಚಿತ್ರ ಅದರ ಗಾತ್ರದಿಂದಲೇ ಪೆಟ್ಟು ಕೊಡುತ್ತದೆ.

ಸರಣಿ ಕಪ್ಪು ಬಿಳುಪಿನಲ್ಲಿ ಬಂದದ್ದರಿಂದ ಆದ ಅನುಕೂಲವೂ ದೊಡ್ಡದು. ಬಣ್ಣದ ಭಯಾನಕ ಕಾಮಿಕ್ಸ್‌ನಲ್ಲಿ ಕೆಂಪು ಎಲ್ಲೆಲ್ಲೂ ಹರಡಿಕೊಂಡು ಬಹುಬೇಗ ಅಗ್ಗವಾಗುತ್ತದೆ. ಇಲ್ಲಿ ರಕ್ತವೂ ನೆರಳೂ ಒಂದೇ ಮಸಿಯಿಂದ ಹುಟ್ಟಿರುವುದರಿಂದ ಯಾವುದು ಯಾವುದೆಂದು ಗುರುತಿಸಲು ಕಣ್ಣು ಒಂದು ಕ್ಷಣ ತಡೆಯಬೇಕಾಗುತ್ತದೆ, ಆ ತಡೆಯಲ್ಲಿಯೇ ಅಸಹ್ಯ ಹುಟ್ಟುತ್ತದೆ. ಮೂರ್ ಅವರ ರೇಖೆಯಲ್ಲಿ ಒಂದಿಷ್ಟು ವ್ಯಂಗ್ಯಚಿತ್ರದ ಗುಣವಿದೆ: ಬದುಕಿರುವವರ ಕಣ್ಣುಗಳು ದೊಡ್ಡವು, ಮುಖಭಾವಗಳು ಢಾಳಾಗಿವೆ. ಅದೇ ಕೈ ಹೆಣಗಳನ್ನು ಬಿಡಿಸುವಾಗ ಕಳಚಿದ ಚರ್ಮ, ಇಣುಕುವ ಹಲ್ಲು, ಅಂಟಿಕೊಂಡ ಕೂದಲುಗಳಲ್ಲಿ ವಿಪರೀತ ತಾಳ್ಮೆ ತೋರಿಸುತ್ತದೆ. ಏಳನೆಯ ಸಂಚಿಕೆಯಿಂದ 2019ರಲ್ಲಿ ಬಂದ 193ನೆಯ ಕೊನೆಯ ಸಂಚಿಕೆಯವರೆಗೆ ಒಳಪುಟಗಳನ್ನು ಬಿಡಿಸಿದ ಚಾರ್ಲಿ ಅಡ್ಲರ್ಡ್ ಇನ್ನಷ್ಟು ಒರಟಾದ, ಕತ್ತಲು ತುಂಬಿದ ಶೈಲಿಯವರು, ದೀರ್ಘ ಕಥೆಗೆ ಅದು ಒಗ್ಗಿತು ಕೂಡ. ಆದರೆ ಈ ಮೊದಲ ಸಂಚಿಕೆಗೆ ಮೂರ್ ಅವರೇ ಸರಿ ಎಂಬುದು ನನ್ನ ಅಭಿಪ್ರಾಯ, ಏಕೆಂದರೆ ಅವರು ಬಿಡಿಸಿದ ಹೆಣಗಳನ್ನು ನೋಡಿದರೆ ಅವು ಬದುಕಿದ್ದಾಗ ಯಾರಾಗಿದ್ದಿರಬಹುದೆಂಬುದನ್ನು ಊಹಿಸಬಹುದು.

ಸಂಚಿಕೆಯ ದುರ್ಬಲ ಭಾಗ ನಡುವಿನದು. ತನ್ನ ಮನೆಗೆ ಮರಳಿದ ರಿಕ್‌ಗೆ ಹೆಂಡತಿ ಮಗ ಕಾಣಸಿಗುವುದಿಲ್ಲ, ಅವನನ್ನೇ ಹೆಣವೆಂದು ತಿಳಿದ ಡ್ವೇನ್ ಎಂಬ ಹುಡುಗ ಸಲಿಕೆಯಿಂದ ತಲೆಗೆ ಬಾರಿಸುತ್ತಾನೆ. ಅದು ಚೆನ್ನಾಗಿದೆ. ಅನಂತರ ಹುಡುಗನ ತಂದೆ ಮಾರ್ಗನ್ ಕುಳಿತು ನಡೆದದ್ದನ್ನೆಲ್ಲ ವಿವರಿಸತೊಡಗಿದಾಗ ಚೌಕಟ್ಟುಗಳು ಮಾತಿನ ಗುಳ್ಳೆಗಳಿಂದ ತುಂಬಿಹೋಗುತ್ತವೆ. ಜನರೆಲ್ಲ ದೊಡ್ಡ ನಗರಗಳಿಗೆ ಹೋಗಬೇಕೆಂದು ಸರ್ಕಾರ ಹೇಳಿತ್ತು ಎಂಬ ಮಾಹಿತಿ ಕಥೆಗೆ ಅಗತ್ಯ, ಹೆಂಡತಿಯ ತವರಾದ ಅಟ್ಲಾಂಟಾಗೆ ರಿಕ್ ಹೊರಡುವುದು ಅದನ್ನು ನಂಬಿಯೇ. ಆದರೂ ಅಷ್ಟು ಹೊತ್ತು ಮೌನವನ್ನು ಅಷ್ಟು ಚೆನ್ನಾಗಿ ದುಡಿಸಿಕೊಂಡ ಲೇಖಕ ಇಲ್ಲಿ ಏಕಾಏಕಿ ವರದಿಗಾರನಾಗಿಬಿಟ್ಟಂತೆ ಕಾಣುತ್ತದೆ. ಸಾವಿಗೂ ಹೆಣಗಳ ಎದ್ದೇಳುವಿಕೆಗೂ ಕಾರಣವೇನೆಂದು ಮಾರ್ಗನ್‌ಗೂ ತಿಳಿದಿಲ್ಲದಿರುವುದು ಪುಣ್ಯ.

ಈಗ ಆ ಸೈಕಲ್ಲು. ಆಸ್ಪತ್ರೆಯಿಂದ ತಪ್ಪಿಸಿಕೊಂಡು ಬರುವಾಗ ದಾರಿಯ ಬದಿಯಲ್ಲಿ ಬಿದ್ದಿದ್ದ ಒಂದು ಸೈಕಲ್ಲನ್ನು ರಿಕ್ ಎತ್ತಿಕೊಳ್ಳುತ್ತಾನೆ. ಅದರ ಪಕ್ಕದಲ್ಲಿಯೇ ಕೊಳೆತು ಬಹುಪಾಲು ಅಸ್ಥಿಯಷ್ಟೇ ಉಳಿದ ಒಂದು ಹೆಣ್ಣಿನ ದೇಹವಿದ್ದು, ಅದು ಇನ್ನೂ ಬಾಯಿ ಆಡಿಸುತ್ತಿದೆ. ಆತ ಅದನ್ನು ಕಂಡು ಅಳುತ್ತಾನೆ, ಸೈಕಲ್ ಏರಿ ಹೊರಟುಹೋಗುತ್ತಾನೆ. ಸಂಚಿಕೆಯ ಕೊನೆಯಲ್ಲಿ ಪೊಲೀಸ್ ಠಾಣೆಯಿಂದ ಕಾರು, ಬಂದೂಕು, ಗುಂಡುಗಳನ್ನು ಪಡೆದು ಅಟ್ಲಾಂಟಾದ ದಾರಿ ಹಿಡಿಯಬೇಕಾದ ಮನುಷ್ಯ ಮೊದಲು ಅಲ್ಲಿಗೆ ಮರಳಿ, ಆ ದೇಹದ ತಲೆಗೆ ಗುಂಡು ಹಾರಿಸಿ, ಕಣ್ಣೊರೆಸಿಕೊಂಡು ಕಾರು ಹತ್ತುತ್ತಾನೆ. ಆಕೆಯಿಂದ ಆತನಿಗೆ ಅಪಾಯವಿರಲಿಲ್ಲ, ಅವಳು ಎದ್ದು ನಡೆಯುವ ಸ್ಥಿತಿಯಲ್ಲಿಯೂ ಇರಲಿಲ್ಲ. ಒಂದೊಂದು ಗುಂಡೂ ಅಮೂಲ್ಯವಾದ ಲೋಕದಲ್ಲಿ ಅದು ಶುದ್ಧ ನಷ್ಟ. ಆ ನಷ್ಟವನ್ನು ತಿಳಿದೂ ಮಾಡಿಕೊಳ್ಳುವ ಮನುಷ್ಯ ಎಷ್ಟು ದಿನ ಹಾಗೆಯೇ ಉಳಿಯಬಲ್ಲ ಎಂಬ ಪ್ರಶ್ನೆಯೇ ಮುಂದಿನ ತಿಂಗಳ ಸಂಚಿಕೆಗೆ ಕಾಯುವಂತೆ ಮಾಡುವುದು. ಜೋಂಬಿ ಚಿತ್ರಗಳು ಎರಡು ಗಂಟೆಗಳಲ್ಲಿ ಮುಗಿದುಹೋಗುವುದೇ ಕರ್ಕ್‌ಮನ್ ಅವರ ದೂರಾಗಿತ್ತು. ಮುಗಿಯದ ಕಥೆಯೊಂದು ಆರಂಭದಲ್ಲಿಯೇ ನಾಯಕನ ಮನಸ್ಸಿನ ಅಳತೆಯೊಂದನ್ನು ಗುರುತು ಹಾಕಿಡಬೇಕಾಗುತ್ತದೆ, ವರ್ಷಗಳ ನಂತರ ಆತ ಎಷ್ಟು ಬದಲಾದನೆಂದು ಹೋಲಿಸಿ ನೋಡಲು ಓದುಗನಿಗೆ ಅದು ಬೇಕು.

2020ರ ಅಕ್ಟೋಬರ್‌ನಿಂದ ಡೇವ್ ಮೆಕೇಗ್ ಅವರು ಬಣ್ಣ ಹಚ್ಚಿದ ಡಿಲಕ್ಸ್ ಆವೃತ್ತಿ ಬರತೊಡಗಿತು. ಬಣ್ಣಗಾರಿಕೆ ಸಂಯಮದ್ದೇ ಆಗಿದೆ, ಆದರೂ ಮೊದಲ ಬಾರಿಗೆ ಓದುವವರು ಕಪ್ಪು ಬಿಳುಪಿನ ಮೂಲವನ್ನೇ ಆರಿಸಿಕೊಳ್ಳುವುದು ಒಳ್ಳೆಯದು. ಎರಡನೆಯ ಸಂಚಿಕೆಯನ್ನೂ ಕೈಯಲ್ಲಿಟ್ಟುಕೊಂಡಿರಿ. ಕುದುರೆಯೇರಿ ಅಟ್ಲಾಂಟಾ ಪ್ರವೇಶಿಸುವ ರಿಕ್ ತನ್ನ ಕುಟುಂಬವನ್ನು ನನಗೆ ಬೇಕಿದ್ದುದಕ್ಕಿಂತ ಬಹಳ ಬೇಗ ಕಂಡುಕೊಂಡುಬಿಡುತ್ತಾನೆ.